ಐವತ್ತು ರೂಪಾಯಿ ದಂಡದಾಚೆ: ಬೆಂಗಳೂರಿನಲ್ಲಿ ಪ್ರಾಣಿಹಿಂಸೆಯ ವಿರುದ್ಧ ದೂರು ನೀಡಲು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಬಡಾವಣೆಯಲ್ಲಿ ಒಂದೇ ರಾತ್ರಿ ಮೂರು ಬೀದಿನಾಯಿಗಳು ಬಾಯಲ್ಲಿ ನೊರೆ ಕಟ್ಟಿ ಸತ್ತವು. ಬೆಳಗಾಗುತ್ತಿದ್ದಂತೆ ನಾವು ನಾಲ್ಕೈದು ಮಂದಿ ಸೇರಿ, ಅವುಗಳನ್ನು ಪೌರಕಾರ್ಮಿಕರ ಗಾಡಿಗೆ ಹಾಕಲು ಮನಸ್ಸು ಬಾರದೆ, ಖಾಲಿ ನಿವೇಶನವೊಂದರಲ್ಲಿ ಗುಂಡಿ ತೋಡಿ ಹೂತು, ಅರಿಶಿನ ಕುಂಕುಮ ಹಾಕಿ, ಸ್ನಾನ ಮಾಡಿಕೊಂಡು, ಆಮೇಲೆ ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಎರಡೇ ಮಾತು ಆಡಿದರು. ‘ಬಾಡಿ ಎಲ್ಲಿದೆ?’ ಎಂಬುದು ಮೊದಲನೆಯದು. ‘ಇದು ಐವತ್ತು ರೂಪಾಯಿ ದಂಡದ ಕೇಸು ಸಾರ್, ಸುಮ್ಮನೆ ಯಾಕೆ ಓಡಾಡುತ್ತೀರಿ’ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡನೆಯ ಮಾತು ಅರ್ಧ ಮಾತ್ರ ನಿಜವೆಂಬುದು ನಮಗೆ ಗೊತ್ತಿರಲಿಲ್ಲ. ದೂರು ದಾಖಲಾಗಲಿಲ್ಲ.

ಆ ಬಳಿಕ ಹಲವರ ಜೊತೆ ಠಾಣೆಗೂ ಪಶು ಆಸ್ಪತ್ರೆಗೂ ನ್ಯಾಯಾಲಯಕ್ಕೂ ಓಡಾಡಿದ ಅನುಭವದಲ್ಲಿ ಹೇಳುವುದಾದರೆ, ಪ್ರಾಣಿಹಿಂಸೆಯ ಪ್ರಕರಣಗಳು ಸಾಮಾನ್ಯವಾಗಿ ಸೋಲುವುದು ಮೊದಲ ಮೂರು ದಿನಗಳಲ್ಲಿ, ಅದೂ ದೂರುದಾರರ ಕೈಯಲ್ಲೇ. ಈ ಬರಹ ಆ ಮೂರು ದಿನಗಳಿಗಾಗಿ ಬರೆದದ್ದು; ಅನಂತರದ ವರ್ಷಗಳ ವಿಚಾರ ಕೊನೆಯಲ್ಲಿ ಸ್ವಲ್ಪ ಇದೆ.

ಮೊದಲ ಹೆಜ್ಜೆ: ನೀವು ಕಂಡದ್ದು ಯಾವ ಅಪರಾಧ ಎಂದು ಗುರುತಿಸಿಕೊಳ್ಳಿ

ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿ ದೇವಿ ಅರುಂಡೇಲ್ ಅವರು 1953ರಲ್ಲಿ ಮಂಡಿಸಿದ ಖಾಸಗಿ ಮಸೂದೆ, ಸರ್ಕಾರವೇ ಕಾನೂನು ತರುವುದಾಗಿ ನೆಹರೂ ಭರವಸೆ ಕೊಟ್ಟ ಮೇಲೆ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ಎಂಬ ರೂಪದಲ್ಲಿ ಹೊರಬಂತು. ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳೂ ಈ ಕಾಯ್ದೆಯ ಪ್ರಕಾರ ‘ಪ್ರಾಣಿ’. ಅದರ 11(1)ನೆಯ ಕಲಂನಲ್ಲಿ ಕ್ರೌರ್ಯದ ಪಟ್ಟಿ ಇದೆ: ಹೊಡೆಯುವುದು, ಒದೆಯುವುದು, ಮಿತಿಮೀರಿ ಭಾರ ಹೇರುವುದು, ಗಾಯಗೊಂಡ ಎತ್ತನ್ನೋ ಕುದುರೆಯನ್ನೋ ದುಡಿಸುವುದು, ಅಪಾಯಕಾರಿ ವಸ್ತುವನ್ನು ತಿನ್ನಿಸುವುದು, ಹಿಂಸೆಯಾಗುವಂತೆ ವಾಹನದಲ್ಲಿ ತುಂಬುವುದು, ಮೈ ಅಲುಗಿಸಲಾಗದ ಗೂಡಿನಲ್ಲಿ ಕೂಡಿಹಾಕುವುದು, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಮಾಲೀಕನಾಗಿದ್ದೂ ಅನ್ನ ನೀರು ನೆರಳು ಕೊಡದಿರುವುದು, ಸಾಕಿದ್ದನ್ನು ಬೀದಿಗೆ ಬಿಡುವುದು, ಕಾಳಗಕ್ಕೆ ಹಚ್ಚುವುದು. ಬಾಡಿಗೆ ಮನೆ ಖಾಲಿ ಮಾಡುವಾಗ ನಾಯಿಯನ್ನು ತಾರಸಿಯ ಮೇಲೆ ಬಿಟ್ಟುಹೋಗುವುದು ಈ ನಗರದಲ್ಲಿ ಅಪರೂಪವಲ್ಲ. ಅದೂ ಈ ಪಟ್ಟಿಯೊಳಗೇ ಬರುತ್ತದೆ.

ಈ ಕಲಂನ ಅಡಿಯಲ್ಲಿ ಮೊದಲ ಅಪರಾಧಕ್ಕೆ ಇಂದಿಗೂ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ ದಂಡ. ಠಾಣೆಯಲ್ಲಿ ಕೇಳಿಬರುವ ‘ಐವತ್ತು ರೂಪಾಯಿ’ಯ ಮೂಲ ಇದೇ. ಆದರೆ ಪ್ರಾಣಿಯನ್ನು ಕೊಂದಿದ್ದರೆ, ವಿಷವಿಟ್ಟಿದ್ದರೆ, ಅಂಗಹೀನಗೊಳಿಸಿದ್ದರೆ ಅಥವಾ ನಿರುಪಯುಕ್ತಗೊಳಿಸಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 325 ಅನ್ವಯವಾಗುತ್ತದೆ, ಮತ್ತು ಅದರ ಶಿಕ್ಷೆ ಐದು ವರ್ಷಗಳವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ 428 ಮತ್ತು 429 ಎಂಬ ಎರಡು ಕಲಂಗಳಿದ್ದವು. ಪ್ರಾಣಿಯ ಜಾತಿ ಮತ್ತು ಬೆಲೆಯನ್ನು ನೋಡಿ ಎರಡು ವರ್ಷವೋ ಐದು ವರ್ಷವೋ ಎಂದು ತೀರ್ಮಾನವಾಗುತ್ತಿತ್ತು. ಹೊಸ ಸಂಹಿತೆ ಆ ಬೆಲೆಯ ಲೆಕ್ಕವನ್ನು ಕೈಬಿಟ್ಟಿದೆ. ಹಾಗೆಯೇ ಹಳೆಯ 377ನೆಯ ಕಲಂ ಹೊಸ ಸಂಹಿತೆಯಲ್ಲಿಲ್ಲವಾದ್ದರಿಂದ, ಪ್ರಾಣಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಪ್ರತ್ಯೇಕ ಅಪರಾಧವೆಂಬುದೇ ಈಗ ಇಲ್ಲವಾಗಿದೆ. ಅಂಥ ಪ್ರಕರಣದಲ್ಲಿ ವೈದ್ಯರು ಗಾಯವನ್ನು ದಾಖಲಿಸಿದ್ದರೆ 325 ಮತ್ತು 11(1)(ಎ) (ಹೊಡೆತ, ಹಿಂಸೆ) ಕಲಂಗಳನ್ನು ಆಧರಿಸಿ ದೂರು ಕೊಡಬೇಕು. ಶಾಸನ ರಚಿಸಿದವರು ಇಷ್ಟು ದೊಡ್ಡ ತೆರವನ್ನು ಕಾಣದೇ ಹೋದದ್ದು ಹೇಗೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಠಾಣೆಯಲ್ಲಿ ಮುಖ್ಯವಾಗುವ ಇನ್ನೊಂದು ವ್ಯತ್ಯಾಸವಿದೆ. ಕಲಂ 325 ಸಂಜ್ಞೇಯ ಅಪರಾಧ, ಎಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ಎಫ್‌ಐಆರ್ ದಾಖಲಿಸಿ ತನಿಖೆ ಮಾಡಬಹುದು. 1960ರ ಕಾಯ್ದೆಯಲ್ಲಿ ಕ್ರೂರವಾಗಿ ಕೊಲ್ಲುವುದು ಅಥವಾ ಅಂಗಹೀನಗೊಳಿಸುವುದು (ಕಲಂ 11(1)(ಎಲ್)), ಕಾಳಗದ ಅಖಾಡ ನಡೆಸುವುದು ಮೊದಲಾದ ಕೆಲವು ಮಾತ್ರ ಸಂಜ್ಞೇಯ. ಹೊಡೆತ, ಉಪವಾಸ, ಸರಪಳಿ ಇವೆಲ್ಲ ಅಸಂಜ್ಞೇಯ. ಆದ್ದರಿಂದ ಹೊಡೆದ ನಾಯಿಯ ಕಾಲು ಮುರಿದಿದೆಯೇ, ಕಣ್ಣು ಹೋಗಿದೆಯೇ ಎಂಬ ವೈದ್ಯರ ಒಂದು ಸಾಲು ನಿಮ್ಮ ಪ್ರಕರಣ 50 ರೂಪಾಯಿಯದ್ದೋ ಐದು ವರ್ಷದ್ದೋ ಎಂಬುದನ್ನು ತೀರ್ಮಾನಿಸುತ್ತದೆ.

ಎರಡನೆಯ ಹೆಜ್ಜೆ: ಜೀವ ಇದ್ದರೆ ಮೊದಲು ಚಿಕಿತ್ಸೆ

ಹಿಂಸೆ ಕಣ್ಣೆದುರೇ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ, ಸ್ಥಳದ ಗುರುತು ಹೇಳಿ, ಪೊಲೀಸರ ಹೊಯ್ಸಳ ಗಸ್ತು ವಾಹನ ಬರುವವರೆಗೆ ದೂರದಿಂದ ಚಿತ್ರೀಕರಿಸಿ. ಕೋಲು ಹಿಡಿದವನ ಕೈಯಿಂದ ಅದನ್ನು ಕಸಿಯಲು ಒಬ್ಬರೇ ಹೋಗಬೇಡಿ.

ಗಾಯಗೊಂಡ ನಾಯಿ ಎಷ್ಟೇ ಪರಿಚಯದ್ದಾದರೂ ನೋವಿನಲ್ಲಿ ಕಚ್ಚುತ್ತದೆ. ಉಸಿರಾಟದ ತೊಂದರೆಯಾಗಲಿ ವಾಂತಿಯಾಗಲಿ ಇಲ್ಲದಿದ್ದರೆ ಮಾತ್ರ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ, ಕಂಬಳಿಯ ಅಥವಾ ಹಲಗೆಯ ಮೇಲೆ ಸರಿಸಿಕೊಂಡು ಎತ್ತಿ. ಕಚ್ಚಿಸಿಕೊಂಡರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ವಿಷದ ಅನುಮಾನವಿದ್ದಾಗ ಉಪ್ಪುನೀರು, ಹುಣಸೆನೀರು, ಮಜ್ಜಿಗೆ ಎಂದು ನಮ್ಮ ಕಡೆ ಬಾಯಿಗೆ ಸುರಿಯುವುದುಂಟು. ಸೆಳೆತ ಬಂದ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಇಳಿದು ಸಾವನ್ನೇ ಹತ್ತಿರ ತರುತ್ತದೆ. ಜೊಲ್ಲು ಸುರಿಯುವುದು, ಮೈ ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಕೀಟನಾಶಕದ ಲಕ್ಷಣಗಳಾಗಿರಬಹುದು; ಇವನ್ನು ಕಂಡ ಹೊತ್ತಿನೊಡನೆ ವೈದ್ಯರಿಗೆ ಹೇಳಿದರೆ ಅಟ್ರೋಪಿನ್‌ನಂಥ ಮದ್ದು ಬೇಗ ಸಿಗುತ್ತದೆ.

ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರಿಗರಿಗೆ ತಿಳಿದ ಸ್ಥಳಗಳೇ. ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಸಂಸ್ಥೆಗಳು ನಗರದಲ್ಲಿ ರಕ್ಷಣಾ ಕೆಲಸ ಮಾಡುತ್ತಿವೆ. ಹಸು, ಎಮ್ಮೆ, ಕುರಿಗಳಿಗಾದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ. ಎಲ್ಲಿಗೇ ಒಯ್ದರೂ ಒಂದು ಕೆಲಸ ಮರೆಯಬೇಡಿ: ಬಿಲ್ಲಿನ ಜೊತೆಗೆ ಲಿಖಿತ ಗಾಯದ ವರದಿಯನ್ನು ಕೇಳಿ ಪಡೆಯಿರಿ. ಗಾಯದ ಅಳತೆ, ಅದು ಎಂಥ ವಸ್ತುವಿನಿಂದ ಆಗಿರಬಹುದು, ಎಷ್ಟು ಹೊತ್ತಿನ ಹಿಂದಿನದು, ಶಾಶ್ವತ ಊನವಾಗುವುದೇ ಎಂಬ ನಾಲ್ಕು ಅಂಶಗಳು ಅದರಲ್ಲಿರಲಿ. ‘ನಾಯಿಗೆ ಪೆಟ್ಟಾಗಿದೆ, ಚಿಕಿತ್ಸೆ ನೀಡಲಾಗಿದೆ’ ಎಂಬ ಒಂದು ಸಾಲಿನ ಚೀಟಿ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯ ಹೆಜ್ಜೆ: ಸತ್ತಿದ್ದರೆ ಹೂಳಬೇಡಿ

ನಾವು ಮಾಡಿದ ತಪ್ಪನ್ನು ನೀವು ಮಾಡಬಾರದು. ದೇಹವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ, ಸುತ್ತ ಮಂಜುಗಡ್ಡೆಯ ಚೀಲಗಳನ್ನಿಟ್ಟು, ನೆರಳಿನಲ್ಲಿ ಕಾಪಾಡಿ. ತಣ್ಣಗಿದ್ದರೆ ಸಾಕು, ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೆ ಅಂಗಾಂಶಗಳು ಕೆಟ್ಟು ಸೂಕ್ಷ್ಮದರ್ಶಕದ ಪರೀಕ್ಷೆಗೆ ತೊಂದರೆಯಾಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅರ್ಧ ದಿನ ಹೊರಗೆ ಬಿದ್ದಿದ್ದ ದೇಹದಿಂದ ವೈದ್ಯರು ಏನನ್ನೂ ಹೇಳಲಾಗದ ಸಂದರ್ಭವನ್ನು ನಾನು ಕಂಡಿದ್ದೇನೆ.

ಮರಣೋತ್ತರ ಪರೀಕ್ಷೆಯನ್ನು ಸರ್ಕಾರಿ ಪಶುವೈದ್ಯಾಧಿಕಾರಿಯಿಂದ, ಪೊಲೀಸರ ಕೋರಿಕೆ ಪತ್ರದ ಮೇಲೆ ಮಾಡಿಸುವುದು ಸರಿಯಾದ ಕ್ರಮ. ಖಾಸಗಿ ವೈದ್ಯರ ವರದಿ ಏನೂ ಇಲ್ಲದಿರುವುದಕ್ಕಿಂತ ಮೇಲು, ಆದರೆ ವಕೀಲರ ಪಾಟೀ ಸವಾಲಿನಲ್ಲಿ ಅದರ ಬಲ ಕಡಿಮೆ. ವಿಷದ ಪ್ರಕರಣದಲ್ಲಿ ಹೊಟ್ಟೆಯೊಳಗಿನ ಪದಾರ್ಥ, ಪಿತ್ತಜನಕಾಂಗ, ಮೂತ್ರಪಿಂಡಗಳ ಮಾದರಿಗಳನ್ನು ಅಡುಗೆ ಉಪ್ಪಿನ ಸಂತೃಪ್ತ ದ್ರಾವಣದಲ್ಲಿಟ್ಟು ಮೊಹರು ಮಾಡಿ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪೊಲೀಸರ ಮೂಲಕ ಕಳುಹಿಸಬೇಕು. ಫಾರ್ಮಲಿನ್‌ನಲ್ಲಿಟ್ಟ ಮಾದರಿ ವಿಷಪರೀಕ್ಷೆಗೆ ಬರುವುದಿಲ್ಲ. ಸುತ್ತಮುತ್ತ ಬಿದ್ದಿರುವ ಬಿರಿಯಾನಿ ಪೊಟ್ಟಣ, ಮಾಂಸದ ತುಂಡು, ಬನ್ನು, ವಾಂತಿ ಇವುಗಳನ್ನು ಬರಿಗೈಯಲ್ಲಿ ಮುಟ್ಟದೆ, ಬಿದ್ದಲ್ಲೇ ಫೋಟೋ ತೆಗೆದು, ಪೊಲೀಸರು ಬಂದು ಮಹಜರು ಮಾಡುವವರೆಗೆ ಮಕ್ಕಳೂ ಬೇರೆ ನಾಯಿಗಳೂ ಹತ್ತಿರ ಬರದಂತೆ ನೋಡಿಕೊಳ್ಳಿ. ಮಹಜರಿಗೆ ಇಬ್ಬರು ಪಂಚರು (ಸ್ಥಳದ ಸಾಕ್ಷಿಗಳು) ಬೇಕಾಗುತ್ತದೆ, ಮತ್ತು ನಮ್ಮ ಜನ ಆ ಕ್ಷಣಕ್ಕೆ ಸರಿಯಾಗಿ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಒಪ್ಪುವ ಇಬ್ಬರನ್ನು ಮೊದಲೇ ಮಾತನಾಡಿಸಿಟ್ಟುಕೊಳ್ಳುವುದು ಜಾಣತನ.

ಈಗಾಗಲೇ ಹೂತಾಗಿದ್ದರೆ ಜಾಗದ ಗುರುತನ್ನು ದೂರಿನಲ್ಲೇ ಬರೆದು, ಹೊರತೆಗೆಸಿ ಪರೀಕ್ಷಿಸುವಂತೆ ಕೋರಿ.

ನಾಲ್ಕನೆಯ ಹೆಜ್ಜೆ: ಸಾಕ್ಷ್ಯವನ್ನು ಕೆಡದಂತೆ ಇಡಿ

ನಿಮ್ಮ ಫೋನಿನಲ್ಲಿರುವ ಮೂಲ ವಿಡಿಯೊವನ್ನು ಅಳಿಸದೆ, ಕತ್ತರಿಸದೆ, ಮೇಲೆ ಹಾಡು ಬರಹ ಸೇರಿಸದೆ ಹಾಗೆಯೇ ಇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊವಾಗಿ ರವಾನಿಸಿದಾಗ ಕಡತ ಕುಗ್ಗಿ, ತೆಗೆದ ದಿನ ಮತ್ತು ಸಮಯದ ವಿವರ ಕಳೆದುಹೋಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ವಿದ್ಯುನ್ಮಾನ ಸಾಕ್ಷ್ಯದ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ಇರಬೇಕು. ಒಂದು ಭಾಗಕ್ಕೆ ಸಾಧನದ ಉಸ್ತುವಾರಿ ಇರುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕುತ್ತಾರೆ. ಇದನ್ನು ತನಿಖಾಧಿಕಾರಿ ಸಿದ್ಧಪಡಿಸುತ್ತಾರೆ, ಆದರೆ ಮೂಲ ಕಡತವೇ ಇಲ್ಲವಾದರೆ ಅವರೂ ಕೈಚೆಲ್ಲುತ್ತಾರೆ.

ಅಂಗಡಿ ಮತ್ತು ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ಪೆಟ್ಟಿಗೆಗಳಲ್ಲಿ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಆದ್ದರಿಂದ ಮೊದಲ ದಿನವೇ ಕ್ಷೇಮಾಭಿವೃದ್ಧಿ ಸಂಘಕ್ಕೋ ಅಂಗಡಿಯವರಿಗೋ, ಯಾವ ಕ್ಯಾಮೆರಾ, ಯಾವ ಸಮಯದಿಂದ ಯಾವ ಸಮಯದವರೆಗೆ ಎಂದು ಬರೆದು ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಪೊಲೀಸರು ಕೇಳಿದರೆ ಕೊಡುತ್ತೇವೆ’ ಎಂದರೆ ಚಿಂತಿಲ್ಲ. ಅಳಿಸದಂತೆ ಉಳಿಸಿಕೊಂಡರೆ ಸಾಕು.

ಆರೋಪಿಯ ಮುಖ, ಮನೆ ನಂಬರು, ವಾಹನದ ಸಂಖ್ಯೆಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಕೆಂಬ ಆಸೆ ಈ ಹಂತದಲ್ಲಿ ಬಲವಾಗಿರುತ್ತದೆ. ಹಾಕಬೇಡಿ. ಮಾನನಷ್ಟದ ಪ್ರತಿದೂರು ಬರುತ್ತದೆ, ಗುಂಪು ಮನೆಮುಂದೆ ಸೇರಿದರೆ ಆರೋಪಿಯೇ ಸಂತ್ರಸ್ತನಾಗುತ್ತಾನೆ. ಅವನು ಹದಿನೆಂಟು ತುಂಬದ ಹುಡುಗನಾಗಿದ್ದರಂತೂ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ನಿಮ್ಮದೇ ಅಪರಾಧವಾಗುತ್ತದೆ.

ಐದನೆಯ ಹೆಜ್ಜೆ: ದೂರು ಬರೆಯಿರಿ

ಬಾಯಿಮಾತಿನ ದೂರನ್ನೂ ಪೊಲೀಸರು ಬರೆದುಕೊಳ್ಳಬೇಕೆಂದು ಕಾನೂನು ಹೇಳಿದರೂ, ಮನೆಯಲ್ಲೇ ಬರೆದ ಎರಡು ಪ್ರತಿಗಳನ್ನು ಒಯ್ಯುವುದು ಲೇಸು. ಭಾವುಕತೆ ಬೇಡ, ‘ಮೂಕಪ್ರಾಣಿ’ ಎಂಬ ಪದವನ್ನು ಹತ್ತು ಬಾರಿ ಬರೆದ ದೂರಿನಲ್ಲಿ ಘಟನೆ ನಡೆದ ಸಮಯವೇ ಇಲ್ಲದಿರುವುದನ್ನು ನೋಡಿದ್ದೇನೆ. ಮಾದರಿಯೊಂದು ಹೀಗಿರಬಹುದು:

‘ಗೆ, ಪೊಲೀಸ್ ಇನ್‌ಸ್ಪೆಕ್ಟರ್ ರವರು, ……… ಪೊಲೀಸ್ ಠಾಣೆ, ಬೆಂಗಳೂರು. ಮಾನ್ಯರೇ, ದಿನಾಂಕ ……… ರಂದು ರಾತ್ರಿ ಸುಮಾರು ……… ಗಂಟೆಗೆ ……… ಅಡ್ಡರಸ್ತೆಯ ……… ಮುಂಭಾಗದಲ್ಲಿ ……… ಎಂಬುವವರು ಕಬ್ಬಿಣದ ಸಲಾಕೆಯಿಂದ ಕಂದು ಬಣ್ಣದ ಹೆಣ್ಣು ನಾಯಿಯೊಂದರ ಹಿಂಗಾಲುಗಳಿಗೆ ಪದೇ ಪದೇ ಹೊಡೆದಿದ್ದನ್ನು ನಾನು ನನ್ನ ಮನೆಯ ಬಾಲ್ಕನಿಯಿಂದ ಕಣ್ಣಾರೆ ಕಂಡಿರುತ್ತೇನೆ. ಸದರಿ ನಾಯಿಗೆ ಪಾಲಿಕೆಯ ವತಿಯಿಂದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿದ್ದು, ಕಿವಿಯ ತುದಿಯಲ್ಲಿ ಅದರ ಗುರುತಿರುತ್ತದೆ. ಅದಕ್ಕೆ ನಾನು ಮತ್ತು ಬೀದಿಯ ಇತರರು ಸುಮಾರು ……… ವರ್ಷಗಳಿಂದ ಆಹಾರ, ಔಷಧಿಯ ವೆಚ್ಚ ಭರಿಸುತ್ತಿದ್ದೇವೆ. ಎಡಗಾಲಿನ ಮೂಳೆ ಮುರಿದು ಶಾಶ್ವತ ಊನವಾಗಿರುವ ಬಗ್ಗೆ ವೈದ್ಯರ ವರದಿಯನ್ನು ಲಗತ್ತಿಸಿದೆ. ಆದ್ದರಿಂದ ಭಾರತೀಯ ನ್ಯಾಯ ಸಂಹಿತೆ ಕಲಂ 325 ಹಾಗೂ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಕಲಂ 11(1)(ಎ) ಮತ್ತು (ಎಲ್) ಅಡಿಯಲ್ಲಿ ಪ್ರಕರಣ ದಾಖಲಿಸಿ ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.’

ಪಾಲಿಕೆ ಮತ್ತು ವೆಚ್ಚದ ಸಾಲುಗಳು ಅಲಂಕಾರಕ್ಕಾಗಿ ಇಲ್ಲ. ಕಲಂ 325 ನಿಂತಿರುವುದು ‘ಕೇಡು’ ಎಂಬ ಕಲ್ಪನೆಯ ಮೇಲೆ, ಮತ್ತು ಸಾರ್ವಜನಿಕರಿಗೋ ಯಾವುದೇ ವ್ಯಕ್ತಿಗೋ ನಷ್ಟವಾಗಿದ್ದರೆ ಮಾತ್ರ ಅದು ಕೇಡು. ‘ಬೀದಿನಾಯಿ ಯಾರ ಸ್ವತ್ತು?’ ಎಂದು ಎದುರು ವಕೀಲರು ಕೇಳದೆ ಇರುವುದಿಲ್ಲ. ಸಾರ್ವಜನಿಕ ಹಣದಿಂದ ಶಸ್ತ್ರಚಿಕಿತ್ಸೆ, ಲಸಿಕೆ ಆದ ಪ್ರಾಣಿಯೆಂಬುದು ಮತ್ತು ಅದನ್ನು ನೋಡಿಕೊಳ್ಳುವವರು ಇದ್ದಾರೆಂಬುದು ಆ ಪ್ರಶ್ನೆಗೆ ಮೊದಲೇ ಬರೆದಿಟ್ಟ ಉತ್ತರ.

ನಾಯಿಗಳ ವಿಷಯದಲ್ಲಿ ‘ಸುಪ್ರೀಂ ಕೋರ್ಟೇ ಹಿಡಿಯಲು ಹೇಳಿದೆಯಲ್ಲ’ ಎಂಬ ಮಾತು 2025ರಿಂದೀಚೆಗೆ ಠಾಣೆಯಲ್ಲಿ ಕೇಳಿಬರುತ್ತದೆ. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ಸ್ಥಳಾಂತರಿಸುವ ಆದೇಶ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟದ್ದು. ಹೊಡೆಯಲು, ವಿಷವಿಡಲು ಯಾವ ನ್ಯಾಯಾಲಯವೂ ಯಾರಿಗೂ ಅಪ್ಪಣೆ ಕೊಟ್ಟಿಲ್ಲ.

ಆರನೆಯ ಹೆಜ್ಜೆ: ಠಾಣೆಯಲ್ಲಿ ಒಪ್ಪದಿದ್ದರೆ

ಸಂಜ್ಞೇಯ ಅಪರಾಧದ ದೂರನ್ನು, ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ, ಯಾವುದೇ ಠಾಣೆಯಲ್ಲಿ ಕೊಡಬಹುದು. ಇಮೇಲ್‌ನಂಥ ವಿದ್ಯುನ್ಮಾನ ವಿಧಾನದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಇವೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿವೆ. ಅದೇ ಕಲಂ ಪೊಲೀಸರಿಗೂ ಒಂದು ಅವಕಾಶ ಕೊಟ್ಟಿದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಕಲಂ 325 ಈ ವ್ಯಾಪ್ತಿಯಲ್ಲಿ ಬರುವುದರಿಂದ, ‘ವಿಚಾರಣೆ ಮಾಡಿ ಆಮೇಲೆ ನೋಡುತ್ತೇವೆ’ ಎಂದ ಮಾತ್ರಕ್ಕೆ ಜಗಳ ತೆಗೆಯಬೇಕಿಲ್ಲ. ಆ ಮಾತನ್ನು ಬರಹದಲ್ಲಿ ಕೇಳಿ, ಹದಿನಾಲ್ಕು ದಿನ ಎಣಿಸಿ.

ದೂರನ್ನು ಅಸಂಜ್ಞೇಯವೆಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿದರೆ ಸಂಖ್ಯೆಯನ್ನು, ತಿರಸ್ಕರಿಸಿದರೆ ಹಿಂಬರಹವನ್ನು ಪಡೆಯಿರಿ. ಒಂದು ದೂರಿನಲ್ಲಿ ಹಲವು ಅಪರಾಧಗಳಿದ್ದು ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನೇ ಸಂಜ್ಞೇಯವೆಂದು ಪರಿಗಣಿಸಬೇಕೆಂದು ಅದೇ ಸಂಹಿತೆಯ ಕಲಂ 174 ಹೇಳುತ್ತದೆ. ಇದನ್ನು ಮೃದುವಾಗಿ ನೆನಪಿಸಿದಾಗ ಕೆಲಸವಾದದ್ದುಂಟು. ಅದೂ ಆಗದಿದ್ದರೆ ದೂರಿನ ಪ್ರತಿಯನ್ನು ವಲಯದ ಡಿಸಿಪಿಯವರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ನಂತರ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಇಲ್ಲಿ ಒಂದು ಗಡುವು ಕಾದಿರುತ್ತದೆ. 1960ರ ಕಾಯ್ದೆಯ ಕಲಂ 36ರ ಪ್ರಕಾರ, ಘಟನೆ ನಡೆದು ಮೂರು ತಿಂಗಳಾದ ಮೇಲೆ ಆ ಕಾಯ್ದೆಯಡಿ ಮೊಕದ್ದಮೆ ಹೂಡಲಾಗದು. ಕಲಂ 325ಕ್ಕೆ ಅಂಥ ಗಡುವಿಲ್ಲ. ಠಾಣೆಯ ಮೆಟ್ಟಿಲು ಹತ್ತಿಳಿಯುವುದರಲ್ಲೇ ತೊಂಬತ್ತು ದಿನ ಕಳೆದವರು ಹಲವರಿದ್ದಾರೆ.

ಏಳನೆಯ ಹೆಜ್ಜೆ: ಆ ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ನೋಡಿ

ಈ ಹೆಜ್ಜೆಯನ್ನು ಬಹಳ ಮಂದಿ ಪ್ರಾಣಿಪ್ರಿಯರು ಹಾಕುವುದೇ ಇಲ್ಲ, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಬೀದಿಯಲ್ಲಿ ವಿಷವಿಟ್ಟವರ ಪ್ರಕರಣಕ್ಕೂ ತನ್ನದೇ ಮನೆಯ ನಾಯಿಯನ್ನು ದಿನವೂ ಬೆಲ್ಟಿನಿಂದ ಹೊಡೆಯುವವನ ಪ್ರಕರಣಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಬಾಗಿಲಿನ ಹಿಂದೆ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಇರಬಹುದು.

ಈ ನಂಟಿನ ಅರಿವು ಹೊಸದಲ್ಲ. 1874ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಎಲೆನ್ ವಿಲ್ಸನ್ ಎಂಬ ಬಾಲಕಿಯನ್ನು ಸಾಕುತಾಯಿಯ ಹೊಡೆತದಿಂದ ಬಿಡಿಸಲು ನೆರವಾದವರು ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್. ಮಕ್ಕಳ ರಕ್ಷಣೆಯ ಸಂಘ ಅಲ್ಲಿ ಹುಟ್ಟಿದ್ದು ಆ ಪ್ರಕರಣದ ಬಳಿಕ. 1983ರಲ್ಲಿ ನ್ಯೂಜೆರ್ಸಿಯಲ್ಲಿ, ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದ, ಸಾಕುಪ್ರಾಣಿಗಳಿದ್ದ 53 ಕುಟುಂಬಗಳನ್ನು ಸಂಶೋಧಕರು ಅಧ್ಯಯನ ಮಾಡಿದಾಗ, ಮಕ್ಕಳಿಗೆ ದೈಹಿಕ ಹಿಂಸೆಯಾಗುತ್ತಿದ್ದ ಮನೆಗಳಲ್ಲಿ ಶೇ 88ರಷ್ಟರಲ್ಲಿ ಪ್ರಾಣಿಗಳಿಗೂ ಹಿಂಸೆಯಾಗುತ್ತಿತ್ತು. ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರಾಂಕ್ ಅಸಿಯೋನ್ ಅವರು ಮಹಿಳಾ ಆಶ್ರಯಧಾಮದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕುಪ್ರಾಣಿಯಿದ್ದ ಮಹಿಳೆಯರ ಪೈಕಿ ಶೇ 71 ಮಂದಿ, ಸಂಗಾತಿಯು ಪ್ರಾಣಿಗೆ ಕೇಡು ಮಾಡಿದ್ದ ಅಥವಾ ಮಾಡುವುದಾಗಿ ಬೆದರಿಸಿದ್ದ ಎಂದರು. 1999ರಲ್ಲಿ ಪ್ರಕಟವಾದ ಮಸಾಚುಸೆಟ್ಸ್ ಅಧ್ಯಯನವು ಪ್ರಾಣಿಹಿಂಸೆಯ ಪ್ರಕರಣ ಎದುರಿಸಿದ್ದ 153 ಮಂದಿಯನ್ನು ಅವರದೇ ನೆರೆಹೊರೆಯವರೊಂದಿಗೆ ಹೋಲಿಸಿ, ಹಿಂಸಾತ್ಮಕ ಅಪರಾಧದ ಸಾಧ್ಯತೆ ಐದು ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಅಮೆರಿಕದ ಎಫ್‌ಬಿಐ 2016ರ ಜನವರಿಯಿಂದ ಪ್ರಾಣಿಕ್ರೌರ್ಯವನ್ನು ಪ್ರತ್ಯೇಕ ಅಪರಾಧ ವರ್ಗವಾಗಿ ದಾಖಲಿಸುತ್ತಿದೆ. ಇವೆಲ್ಲ ಅಲ್ಲಿನ ಅಂಕಿಗಳು. ನಮ್ಮ ವಠಾರಗಳಿಗೆ ಅವನ್ನು ಹಾಗೇ ಅನ್ವಯಿಸಲಾಗದು, ಆದರೆ ಪ್ರಶ್ನೆ ಕೇಳಲು ಸಾಕಷ್ಟು ಕಾರಣ ಕೊಡುತ್ತವೆ.

ಅತಿಗೆ ಹೋಗದಿರುವುದೂ ಅಷ್ಟೇ ಮುಖ್ಯ. ಪ್ರಾಣಿಯನ್ನು ಹಿಂಸಿಸಿದವನು ಮುಂದೆ ಕೊಲೆಗಾರನಾಗಿಯೇ ತೀರುತ್ತಾನೆ ಎಂಬ ಮಾತನ್ನು ಸಂಶೋಧನೆ ಬೆಂಬಲಿಸುವುದಿಲ್ಲ. ಅದೇ ಮಸಾಚುಸೆಟ್ಸ್ ಅಧ್ಯಯನದಲ್ಲಿ ಪ್ರಾಣಿಹಿಂಸೆ ಇತರ ಅಪರಾಧಗಳಿಗಿಂತ ಮೊದಲೇ ನಡೆದಿರಬೇಕೆಂಬ ನಿಯಮ ಕಾಣಲಿಲ್ಲ; ಹಿಂದೆಯೂ ಮುಂದೆಯೂ ಜೊತೆಜೊತೆಗೂ ನಡೆದಿತ್ತು. ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಹಿಂಸೆ ಎಂಬ ಮೂರು ಲಕ್ಷಣಗಳನ್ನು 1963ರಲ್ಲಿ ಮನೋವೈದ್ಯ ಮ್ಯಾಕ್‌ಡೊನಾಲ್ಡ್ ಒಟ್ಟಿಗೆ ಹೇಳಿದ್ದು ಪ್ರಸಿದ್ಧವಾಯಿತಾದರೂ, ನಂತರದ ಅಧ್ಯಯನಗಳು ಅದನ್ನು ಭವಿಷ್ಯ ಹೇಳುವ ಸಾಧನವಾಗಿ ಒಪ್ಪಲಿಲ್ಲ. ಕಪ್ಪೆಗೆ ಕಲ್ಲು ಹೊಡೆದ ಎಂಟು ವರ್ಷದ ಹುಡುಗನ ಎದುರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ತೀರ್ಪು ಕೊಡುವ ದೊಡ್ಡವರು ಇದನ್ನು ನೆನಪಿಡಬೇಕು.

ಹಾಗಾದರೆ ಮಾಡಬೇಕಾದದ್ದೇನು? ಹೊಡೆಯುವವನಿಲ್ಲದ ಹೊತ್ತಿನಲ್ಲಿ, ಆ ಮನೆಯ ಮಹಿಳೆಯೊಂದಿಗೆ ಒಬ್ಬರೇ ಮಾತನಾಡಿ. ಸಾಧ್ಯವಾದರೆ ಮಾತನಾಡುವವರೂ ಮಹಿಳೆಯಾಗಿರಲಿ. ‘ನಿಮ್ಮ ಯಜಮಾನರು ನಿಮಗೂ ಹೊಡೆಯುತ್ತಾರಾ’ ಎಂದು ನೇರವಾಗಿ ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ‘ನಾಯಿಗೆ ಹೊಡೆಯುವಾಗ ಮಕ್ಕಳು ಎಲ್ಲಿರುತ್ತಾರಮ್ಮ, ನೀವೇನು ಮಾಡುತ್ತೀರಿ?’ ಎಂದು ಕೇಳಿ ಸುಮ್ಮನಿರಿ. ನಾಯಿಯ ಬಗ್ಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆಂದು ಅವರೇ ತೀರ್ಮಾನಿಸಲಿ. ಮಹಿಳೆಯರಿಗೆ 181, ಮಕ್ಕಳಿಗೆ 1098, ನಗರ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿ ಇವುಗಳ ವಿವರ ಕೊಡಿ, ಆದರೆ ಚೀಟಿಯಲ್ಲಿ ಬರೆದುಕೊಡಬೇಡಿ. ಚೀಟಿ ಗಂಡನ ಕೈಗೆ ಸಿಗುತ್ತದೆ. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಲವಾದರೆ ಯಾರ ಒಪ್ಪಿಗೆಗೂ ಕಾಯದೆ 1098ಕ್ಕೆ ನೀವೇ ಕರೆ ಮಾಡಿ.

ನಾಯಿಯನ್ನೋ ಹಸುವನ್ನೋ ಬಿಟ್ಟು ಹೋಗಲಾರೆ ಎಂಬ ಕಾರಣಕ್ಕೆ ಮನೆ ಬಿಡದ ಮಹಿಳೆಯರಿದ್ದಾರೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005, ಆಕೆಗೆ ಆಪ್ತನಾದ ‘ವ್ಯಕ್ತಿ’ಗೆ ನೋವುಂಟುಮಾಡುವ ಪದೇ ಪದೇ ಬೆದರಿಕೆಯನ್ನು ಭಾವನಾತ್ಮಕ ದೌರ್ಜನ್ಯವೆಂದು ಗುರುತಿಸುತ್ತದೆ, ಪ್ರಾಣಿಯನ್ನು ಹೆಸರಿಸುವುದಿಲ್ಲ. ಆದರೂ ‘ನೀನು ತವರಿಗೆ ಹೋದರೆ ನಾಯಿಯನ್ನು ಕೊಲ್ಲುತ್ತೇನೆ’ ಎಂಬ ಬೆದರಿಕೆ ಬಿದ್ದಿರುವುದು ಆಕೆಯ ಮೇಲೆಯೇ ಆದ್ದರಿಂದ, ಆಕೆಯ ಅರ್ಜಿಯಲ್ಲಿ ಆ ಮಾತನ್ನು ದಿನಾಂಕದೊಂದಿಗೆ ಬರೆಸಬೇಕು. ಪ್ರಾಣಿಯನ್ನು ಕೆಲವು ವಾರ ಇಟ್ಟುಕೊಳ್ಳಲು ನಿಮ್ಮ ಮನೆಯ ಹಿತ್ತಲನ್ನು ಕೊಡುವುದು ದೊಡ್ಡ ಸಹಾಯ.

ಹಿಂಸಿಸಿದವನು ಮಗುವಾಗಿದ್ದರೆ ದಾರಿಯೇ ಬೇರೆ. ಮಕ್ಕಳಲ್ಲಿ ಪ್ರಾಣಿಹಿಂಸೆಯನ್ನು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ 1987ರಲ್ಲೇ ನಡವಳಿಕೆಯ ದೋಷದ ಲಕ್ಷಣಗಳಲ್ಲಿ ಸೇರಿಸಿದೆ. ಒಮ್ಮೆ ಕುತೂಹಲಕ್ಕೆ ಮಾಡಿದ್ದಕ್ಕೂ, ಗುಟ್ಟಾಗಿ, ಪದೇ ಪದೇ, ನರಳಾಟ ನೋಡುತ್ತಾ ಮಾಡಿದ್ದಕ್ಕೂ ಅಂತರವಿದೆ. ಎರಡನೆಯದಾಗಿದ್ದರೆ ತಂದೆತಾಯಿಯನ್ನು ಒಪ್ಪಿಸಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯುವುದು ಠಾಣೆಗಿಂತ ಒಳ್ಳೆಯ ಮೊದಲ ನಿಲ್ದಾಣ. ಅಂಥ ಮಗುವಿನ ಮೈಮೇಲೆಯೇ ಬಾಸುಂಡೆಗಳು ಇರಬಹುದು.

ಎಂಟನೆಯ ಹೆಜ್ಜೆ: ಪ್ರಾಣಿ ಮತ್ತೆ ಅದೇ ಕೈಗೆ ಹೋಗದಂತೆ ನೋಡಿಕೊಳ್ಳಿ

ಪ್ರಕರಣ ನಡೆಯುವಾಗ ವಶಪಡಿಸಿಕೊಂಡ ಪ್ರಾಣಿಯನ್ನು ಎಲ್ಲಿ ಇಡಬೇಕು, ಖರ್ಚು ಯಾರದು ಎಂಬುದಕ್ಕೆ 2017ರ ನಿಯಮಗಳಿವೆ. ಮ್ಯಾಜಿಸ್ಟ್ರೇಟರ ಆದೇಶದಂತೆ ಅದನ್ನು ಗೋಶಾಲೆ, ಪಾಂಜರಾಪೋಳ (ಪ್ರಾಣಿಗಳ ಆಶ್ರಯತಾಣ) ಅಥವಾ ಪ್ರಾಣಿಕಲ್ಯಾಣ ಸಂಸ್ಥೆಯಲ್ಲಿಡಬಹುದು, ಮತ್ತು ಪೋಷಣೆಯ ವೆಚ್ಚವನ್ನು ಆರೋಪಿಯಾದ ಮಾಲೀಕನಿಂದ ವಸೂಲು ಮಾಡಬಹುದು. ಎಫ್‌ಐಆರ್ ಆದ ಕೂಡಲೇ ಈ ಅರ್ಜಿ ಹಾಕದಿದ್ದರೆ ಮಾಲೀಕನೇ ಬಿಡುಗಡೆ ಕೋರಿ ಮುಂದಾಗುತ್ತಾನೆ. ಅಪರಾಧ ಸಾಬೀತಾದ ಮೇಲೆ ಮಾಲೀಕತ್ವವನ್ನೇ ಕಸಿಯುವ ಅಧಿಕಾರ 1960ರ ಕಾಯ್ದೆಯ ಕಲಂ 29ರಲ್ಲಿ ನ್ಯಾಯಾಲಯಕ್ಕಿದೆ. ಅದನ್ನು ಸರ್ಕಾರಿ ಅಭಿಯೋಜಕರಿಗೆ ನೆನಪಿಸುವವರು ನೀವೇ ಆಗಬೇಕಾದೀತು.

ಗಾಯಗೊಂಡದ್ದು ಹದ್ದು, ಗಿಳಿ, ಕೋತಿ, ಹಾವು, ಕಾಡುಪಾಪದಂಥ ವನ್ಯಜೀವಿಯಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಅವುಗಳಿಗೆಂದೇ ಇದೆ. ಅಲ್ಲಿ ಅನ್ವಯವಾಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸವಿದೆ.

ಒಂಬತ್ತನೆಯ ಹೆಜ್ಜೆ: ನ್ಯಾಯಾಲಯದವರೆಗೆ ತಾಳ್ಮೆ

ಕಲಂ 325 ಜಾಮೀನು ಸಿಗುವ ಅಪರಾಧ. ಬಂಧಿತನಾದವನು ಅದೇ ಸಂಜೆ ಬೀದಿಯಲ್ಲಿ ಎದುರಾದರೆ ಪೊಲೀಸರು ದುಡ್ಡು ತಿಂದರೆಂದು ಕೂಗಾಡಬೇಡಿ. ಕಾನೂನು ಇರುವುದೇ ಹಾಗೆ. 2025ರ ಜನವರಿಯಲ್ಲಿ ಚಾಮರಾಜಪೇಟೆಯಲ್ಲಿ ಹಸುಗಳ ಕೆಚ್ಚಲು ಕೊಯ್ದ ಘಟನೆಯಂತೆ ರಾಜ್ಯವೇ ಗಮನಿಸುವ ಪ್ರಕರಣಗಳು ಕೆಲವೇ. ಉಳಿದವಕ್ಕೆ ದೂರುದಾರರ ಬೆನ್ನುಹತ್ತುವಿಕೆಯೇ ಆಧಾರ. ತೊಂಬತ್ತು ದಿನಗಳೊಳಗೆ ತನಿಖೆಯ ಪ್ರಗತಿಯನ್ನು ಪೊಲೀಸರು ನಿಮಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ. ದಿನ ತುಂಬಿದಾಗ ಒಂದು ಪುಟದ ಪತ್ರ ಬರೆದು ಕೇಳಿ. ಸಾಕ್ಷಿ ಸಮನ್ಸ್ ವರ್ಷಗಳ ನಂತರ ಬರಬಹುದು, ಅಷ್ಟರಲ್ಲಿ ನೀವು ಮನೆ ಬದಲಾಯಿಸಿರಬಹುದು. ಹೊಸ ವಿಳಾಸವನ್ನು ಠಾಣೆಗೆ ತಿಳಿಸದ ಕಾರಣಕ್ಕೆ ಬಿದ್ದುಹೋದ ಪ್ರಕರಣ ನನಗೇ ಗೊತ್ತಿದೆ.

ಇಂಗ್ಲೆಂಡಿನಲ್ಲಿ ಪ್ರಾಣಿಕ್ರೌರ್ಯದ ಗರಿಷ್ಠ ಶಿಕ್ಷೆಯನ್ನು 2021ರಲ್ಲಿ ಆರು ತಿಂಗಳಿನಿಂದ ಐದು ವರ್ಷಕ್ಕೆ ಏರಿಸಿದರು. ನಮ್ಮಲ್ಲಿ 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕರ ಮುಂದಿಟ್ಟ ತಿದ್ದುಪಡಿಯ ಕರಡು ದಂಡವನ್ನು ಸಾವಿರಗಳ ಲೆಕ್ಕಕ್ಕೆ ಏರಿಸಿ, ಭೀಕರ ಕ್ರೌರ್ಯಕ್ಕೆ ಸೆರೆವಾಸ ಸೂಚಿಸಿತ್ತು. ಅದು ಕರಡಾಗಿಯೇ ಉಳಿಯಿತು. ಆದ್ದರಿಂದ ಹೊಡೆತ, ಉಪವಾಸ, ಸರಪಳಿಯ ಸಣ್ಣ ಪ್ರಕರಣಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡು 50 ರೂಪಾಯಿ ಕಟ್ಟಿ ನಗುತ್ತಾ ಹೊರಬರುವುದನ್ನು ನೀವು ನೋಡಬೇಕಾದೀತು. ಹೊರಬಂದ ಮೇಲೆ ನೇರ ಮನೆಗೆ ಹೋಗದೆ, ಆ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮೂರು ವರ್ಷದೊಳಗೆ ಅದೇ ವ್ಯಕ್ತಿ ಮತ್ತೆ ತಪ್ಪು ಮಾಡಿದರೆ ಎರಡನೆಯ ಅಪರಾಧವೆಂದು ಪರಿಗಣಿಸಿ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ, ಮತ್ತು ಮೊದಲನೆಯದು ನಡೆದಿತ್ತೆಂದು ಆಗ ತೋರಿಸಲು ಇರುವ ದಾಖಲೆ ಆ ಐವತ್ತು ರೂಪಾಯಿಯ ಆದೇಶವೇ. ನಮ್ಮ ಬಡಾವಣೆಯ ಅಂಥ ನಕಲುಗಳು ಈಗ ಒಂದು ತೆಳ್ಳನೆಯ ಕಡತದಲ್ಲಿ, ದಿನಾಂಕದ ಅನುಕ್ರಮದಲ್ಲಿ, ಸಂಘದ ಕಪಾಟಿನಲ್ಲಿವೆ.